ಡ್ರಿಲ್ ಮೇಷ್ಟ್ರ ಜೋಡಿ

ಮಂಡಿನೋವಿಗೆಂದು ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ಕರ್ಪೂರ ತಂದು, ಕೊಬ್ಬರಿ ಎಣ್ಣೆಗೆ ಹಾಕಿ ಬಿಸಿ ಮಾಡಿದೆ. ಅಂಗೈಗೆ ಸುರಿದುಕೊಂಡದ್ದೇ ತಡ, ಚಾಮರಾಜಪೇಟೆಯ ಸ್ಕೂಲಿನ ಸ್ಟಾಫ್ ರೂಮು ಕಣ್ಣ ಮುಂದೆ ಬಂತು. ಅಲ್ಲಿ ಸೋಮವಾರ ಬೆಳಿಗ್ಗೆ ಇದೇ ವಾಸನೆ ಇರುತ್ತಿತ್ತು. ನಮ್ಮ ಡ್ರಿಲ್ ಮೇಷ್ಟ್ರ ಕೈಗಳ ವಾಸನೆ…

ನಾನಾಗ ಹೊಸದಾಗಿ ಸೇರಿದ ಲೆಕ್ಕದ ಮೇಷ್ಟ್ರು. ವಾದವೆಂದರೆ ಊಟ ಬಿಟ್ಟು ಕೂರುವವನು. ಅವರು ನಿವೃತ್ತಿಗೆ ಹತ್ತಿರವಾದವರು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ. ಪ್ರಾಯದಲ್ಲಿ ರಾಜ್ಯದ ಹೆವಿವೇಯ್ಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದರು. ಆ ಪದಕದ ಮೇಲೆಯೇ ಈ ಕೆಲಸ ಸಿಕ್ಕಿತ್ತು.

ನಮ್ಮಿಬ್ಬರ ಜಗಳವೆಲ್ಲ ವಿಶ್ವ ಚಾಂಪಿಯನ್ನರ ಕುರಿತು. ಟೀವಿಯಲ್ಲಿ ಕಂಡವನೊಬ್ಬನನ್ನು ನಾನು ಹೊಗಳಿದರೆ ಅವರು ಬೀರುವಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆಯುತ್ತಿದ್ದರು. ಪ್ರತಿ ಚಾಂಪಿಯನ್ನನ ಹೆಸರಿನ ಕೆಳಗೆ ಅವನು ಸೋಲಿಸಿದವರ ಪಟ್ಟಿ. ಗರಡಿಮನೆಯಲ್ಲಿ ಬೆಳೆದವರಾದ್ದರಿಂದ ಅವರು ಎದುರಾಳಿ ಎನ್ನುತ್ತಿರಲಿಲ್ಲ, ಕುಸ್ತಿಯವರ ಹಾಗೆ ‘ಜೋಡಿ’ ಎನ್ನುತ್ತಿದ್ದರು. ಜೋಡಿಯ ವಯಸ್ಸು, ತೂಕ, ಹಿಂದಿನ ಸೋಲುಗಳು, ಕೊನೆಯಲ್ಲಿ ‘ಆವತ್ತಿನ ಸ್ಥಿತಿ’ ಎಂಬ ಕಲಂ. ಮುದಿಯಾದವನನ್ನೋ, ಹಳೆಯ ಪೆಟ್ಟು ಇನ್ನೂ ಮಾಯದವನನ್ನೋ ಹೊಡೆದಿದ್ದರೆ ಅಲ್ಲಿ ಕೆಂಪು ಶಾಯಿ.

“ಎಷ್ಟು ಜನಾನ ಹೊಡ್ದ ಅಂತ ಹೇಳ್ಬೇಡಿ ಸಾರ್. ಎಂಥವ್ರನ್ನ ಹೊಡ್ದ, ಆವತ್ತು ಅವ್ರು ಹೇಗಿದ್ರು, ಅದು ಹೇಳಿ.”

ನನ್ನ ವೀರರೆಲ್ಲ ಒಬ್ಬೊಬ್ಬರಾಗಿ ಕೆಂಪಾಗುತ್ತಿದ್ದರು. ಆದರೂ ನಾನು ಬಾಯಿ ಮಾಡಿದರೆ ಡ್ರಾಯಿಂಗ್ ಮೇಡಂ, “ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಇವ್ರಿಗೆ” ಎನ್ನುವರು. ಎಲ್ಲರೂ ನಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಹಾಸಿಗೆಗೆ ಹತ್ತಿ ತರಲು ಕಾಟನ್‌ಪೇಟೆಗೆ ಹೋಗಿದ್ದೆ. ಗಲ್ಲಿಯೊಂದರ ಜಗಲಿಯ ಮೇಲೆ ನಮ್ಮ ಡ್ರಿಲ್ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಕೂತಿದ್ದರು. ಅವರೆದುರು ಗೋಡೆಗೆ ಒರಗಿದ್ದ ಭಾರೀ ಆಳು. ಎಡಗೈ, ಎಡಗಾಲು ಸ್ವಾಧೀನವಿಲ್ಲ, ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿಯುತ್ತಿತ್ತು. ಮೇಷ್ಟ್ರು ಆ ಕೈಗೆ ಕರ್ಪೂರದ ಎಣ್ಣೆ ಹಚ್ಚಿ ನೀವುತ್ತಿದ್ದರು.

“ಯಾರು ಸಾರ್ ಇವ್ರು?” ಎಂದೆ.

“ನನ್ ಜೋಡಿ” ಎಂದರು, ತಲೆ ಎತ್ತದೆ.

ಉಳಿದದ್ದನ್ನು ಹೇಳಿದ್ದು ಆ ಮನುಷ್ಯನ ಅಕ್ಕ. ಮೇಷ್ಟ್ರು ಚಾಂಪಿಯನ್ ಆದ ವರ್ಷ ಹೆವಿವೇಯ್ಟಿಗೆ ಹೆಸರು ಕೊಟ್ಟವರು ಅವರೊಬ್ಬರೇ. ಜೋಡಿ ಸಿಗದಿದ್ದರೆ ಪಂದ್ಯವಿಲ್ಲ, ಪದಕವೂ ಇಲ್ಲ. “ನನ್ ತಮ್ಮ ಮೂಟೆ ಹೊರೋನು, ಆಳು ದಪ್ಪ ಅಷ್ಟೆ. ಎರಡು ದಿನದಿಂದ ಜ್ವರ ಬೇರೆ. ಸುಮ್ನೆ ಎದ್ರಿಗೆ ನಿಂತ್ಕೊ, ಸಾಕು ಅಂತ ಇವ್ರೇ ಬಂದು ಕರ್ಕೊಂಡ್ ಹೋದ್ರು. ವಾಪಸ್ ಬಂದಾಗ ಹಿಂಗಿದ್ದ.” ಅಕ್ಕನ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಮೇಷ್ಟ್ರು ನೀವುವುದನ್ನು ನಿಲ್ಲಿಸಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಎಲುಬಿಲ್ಲದ ನಾಲಿಗೆ ನೋಡಿ… ಮರುದಿನ ಸ್ಟಾಫ್ ರೂಮಿನಲ್ಲಿ ಮತ್ತೆ ವಾದ ಎದ್ದಿತು, ಮತ್ತೆ ನನ್ನ ಚಾಂಪಿಯನ್ ಕೆಂಪಾದ, ಮತ್ತೆ ಎಲ್ಲರೂ ನಕ್ಕರು.

“ನಿಮ್ಮ ಹೆಸ್ರೆಲ್ಲಿ ಸಾರ್ ಈ ಪುಸ್ತಕದಲ್ಲಿ?” ಎಂದೆ. “ನಿಮ್ಮ ಜೋಡಿ ಆವತ್ತು ಹೇಗಿದ್ರು, ಅದು ಹೇಳಿ.”

ಅಷ್ಟಕ್ಕೇ ಬಿಡಲಿಲ್ಲ. ಮೂಟೆ, ಜ್ವರ, ಬಿದ್ದುಹೋದ ಕೈ, ಎಲ್ಲವನ್ನೂ ಎಲ್ಲರ ಮುಂದೆ ಹೇಳಿ ಮುಗಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಗೆದ್ದೆ ಅನ್ನಿಸಿತ್ತು.

ಮೇಷ್ಟ್ರು ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ತಮ್ಮ ಹೆಸರು ಬರೆದರು, ಅದರ ಕೆಳಗೆ ಆ ಮನುಷ್ಯನ ಹೆಸರು ಬರೆದರು, ಕೆಂಪು ಪೆನ್ನನ್ನು ನನ್ನ ಕಡೆ ಚಾಚಿದರು.

“ಕೊನೇ ಕಲಂ ನೀವೇ ಬರೀರಿ ಸಾರ್. ಇಷ್ಟ್ ವರ್ಷ ನನ್ ಕೈಲಾಗ್ಲಿಲ್ಲ.”

ನಾನು ಬರೆದೆ: ಜ್ವರ. ಅಭ್ಯಾಸವಿಲ್ಲ. ಅಕ್ಷರ ದುಂಡಗೆ ಬರಲೆಂದು ನಿಧಾನವಾಗಿ ಬರೆದದ್ದೂ ನೆನಪಿದೆ.

ಅವರು ಆ ನೋಟ್‌ಬುಕ್ ನನ್ನ ಮೇಜಿನ ಮೇಲೆಯೇ ಬಿಟ್ಟುಹೋದರು. ಆಮೇಲೆ ಸ್ಟಾಫ್ ರೂಮಿಗೆ ಬರಲಿಲ್ಲ, ಬಿಡುವಿನಲ್ಲಿ ಮೈದಾನದ ಬೇವಿನ ಮರದ ಕೆಳಗೆ ಒಬ್ಬರೇ ಕೂರುತ್ತಿದ್ದರು. ಹೋಗಿ ತಪ್ಪಾಯಿತು ಎನ್ನಬೇಕು, ನಾಳೆ ಅನ್ನೋಣ, ನಾಳೆ ಅನ್ನೋಣ… ನಿವೃತ್ತರಾದ ವರ್ಷವೇ ತೀರಿಕೊಂಡರು. ಅವರ ಜೋಡಿ ಆಗಿನ್ನೂ ಬದುಕಿದ್ದ. ಭಾನುವಾರ ಎಣ್ಣೆ ಹಚ್ಚಲು ನಾನಾದರೂ ಕಾಟನ್‌ಪೇಟೆಗೆ ಹೋಗಬಹುದಿತ್ತು. ಹೋಗಲಿಲ್ಲ.

ಮಂಡಿಗೆ ಹಚ್ಚಿಕೊಂಡ ಎಣ್ಣೆಗೈಯಲ್ಲೇ ಇವತ್ತು ಆ ನೋಟ್‌ಬುಕ್ ಹುಡುಕಿ ತೆಗೆದೆ. ಕೊನೆಯ ಹಾಳೆಯಲ್ಲಿ ಇನ್ನೂ ಜಾಗವಿತ್ತು. ನನ್ನ ಹೆಸರು ಬರೆದೆ, ಅದರ ಕೆಳಗೆ ಡ್ರಿಲ್ ಮೇಷ್ಟ್ರದು. ಕೊನೆಯ ಕಲಮಿನಲ್ಲಿ, ಕೆಂಪು ಶಾಯಿಯಲ್ಲಿ ಬರೆದೆ: ಕೈ ಎತ್ತಲಿಲ್ಲ.