ಡುಯಿಲಿಯೋನ ತಪ್ಪು ಸ್ವರ

ಇಲ್ಲ ಕಣಯ್ಯ, ಹಾಗೆ ತಲೆ ಅಲ್ಲಾಡಿಸಬೇಡ. ದೀಪ ಉಸಿರಾಡುವುದಿಲ್ಲ ಅಂತ ನಿನಗೆ ಹೇಳಿದವರು ಯಾರು? ಅಕಾರ್ಡಿಯನ್ ಮಾಡುವ ಊರು ಕಾಸ್ಟೆಲ್‌ಫಿದಾರ್ದೋದಲ್ಲಿ ನಜ್ಜರೇನೋನ ಅಂಗಡಿಗೆ ಹೋಗಿ ನೋಡು. ಬಾಳಿ ಮುಗಿಸಿದ ಅಕಾರ್ಡಿಯನ್‌ಗಳೆಲ್ಲ ಅಲ್ಲಿ ದೀಪಗಳಾಗಿ ಸೂರಿನಿಂದ ತೂಗುತ್ತವೆ. ಸಮುದ್ರದ ಕಡೆಯ ಗಾಳಿ ಬಂದರೆ ಅವುಗಳ ತಿದಿಗಳೆಲ್ಲ ಮೆಲ್ಲಗೆ ಹಿಗ್ಗಿ ಕುಗ್ಗುತ್ತವೆ, ನಿದ್ದೆ ಹೋದ ಮಕ್ಕಳ ಎದೆಯ ಹಾಗೆ. ತಿದಿಯ ಮಡಿಕೆಗಳ ಸಂದಿನಿಂದ ಬೆಳಕು ಜೇನಿನಂತೆ ನೆಲಕ್ಕಿಳಿಯುತ್ತದೆ.

ದೀಪ ಮಾಡುವುದಕ್ಕೆ ಮೊದಲು ನಜ್ಜರೇನೋ ನಲವತ್ತು ವರ್ಷ ಕಾರ್ಖಾನೆಯಲ್ಲಿ ಶ್ರುತಿ ಕೂರಿಸುತ್ತಿದ್ದವನು. ಅಕಾರ್ಡಿಯನ್ನಿನ ಹೊಟ್ಟೆಯೊಳಗೆ ಉಕ್ಕಿನ ಪುಟ್ಟ ನಾಲಿಗೆಗಳಿರುತ್ತವಲ್ಲ, ಅವನ್ನು ಅರದಿಂದ ಕೆರೆದು ಸ್ವರಕ್ಕೆ ತರುವುದು ಅವನ ಕೆಲಸ. ಕಿವಿ ಎಷ್ಟು ಚುರುಕು ಅಂದರೆ, ಇಗರ್ಜಿಯ ಗಂಟೆ ಬಿರುಕು ಬಿಟ್ಟ ದಿನ ಇವನಿಗೆ ದವಡೆ ಹಲ್ಲು ನೋವು ಬಂತು. ಪಕ್ಕದ ಮನೆಯ ಕೋಳಿ ಅಪಶ್ರುತಿಯಲ್ಲಿ ಕೂಗುತ್ತದೆಂದು ಅದನ್ನು ಕೊಂಡು ತಂದು ಸಾರು ಮಾಡಿದ. ಸಾರು ಶ್ರುತಿಬದ್ಧವಾಗಿ ಕುದಿಯಿತಂತೆ. ನಂಬದಿದ್ದರೆ ಬಿಡು.

ಅದೇ ಬೀದಿಯ ಡೆರ್ನಾಳ ಗಂಡ ಡುಯಿಲಿಯೋ ತೀರಿಕೊಂಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅವಳು ಅವನ ಅಕಾರ್ಡಿಯನ್ ಹೊತ್ತು ತಂದಳು. ಮರಕ್ಕೆಲ್ಲ ಹುಳ ಹಿಡಿದಿತ್ತು.

“ಇದನ್ನ ಅಡುಗೆಮನೆಗೆ ದೀಪ ಮಾಡ್ಕೊಡು. ಆದ್ರೆ ಒಂದು ಸ್ವರ ಒಳಗೇ ಇರ್ಲಿ. ಸಂಜೆ ಮನೆಗೆ ಬಂದವ್ನು ಮೊದ್ಲು ಒತ್ತುತಿದ್ನಲ್ಲ, ಅದು. ದೀಪ ಹಚ್ಚೋಕೆ ತಿದಿ ಎಳೆದಾಗೆಲ್ಲ ಕೇಳ್ಬೇಕು. ಅದಿಲ್ದೆ ಮನೆಗೆ ಕಿವುಡು ಹಿಡಿದಿದೆ.”

ನಜ್ಜರೇನೋ ಹಾಗೇ ಮಾಡಿ, ಅವಳ ಊಟದ ಮೇಜಿನ ಮೇಲೆ ತೂಗುಹಾಕಿದ. ಡೆರ್ನಾ ಎಳೆದಳು. ದೀಪ ಹತ್ತಿತು, ಸ್ವರವೂ ಬಂತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

“ಇದ್ಯಾರು?”

“ಯಾರು ಅಂದ್ರೆ? ನಿನ್ನ ಗಂಡನ ಸ್ವರಾನೇ.”

“ಅಲ್ಲ. ಅವಂದು ನೆಗಡಿ ಹಿಡಿದ ಕರು ಥರ ಇತ್ತು. ಇದು ಪಾದ್ರಿ ಥರ ಇದೆ.”

ನಜ್ಜರೇನೋಗೆ ಆಗ ಹೊಳೆಯಿತು. ತುಕ್ಕು ಒರೆಸಲು ಕೂತಾಗ ಕೈ ತನ್ನ ಪಾಡಿಗೆ ತಾನು ಶ್ರುತಿ ತಪ್ಪಿದ್ದ ನಾಲಿಗೆಯನ್ನು ಕೆರೆದು ಸರಿಮಾಡಿಬಿಟ್ಟಿತ್ತು. ಸತ್ತವನದು ಅಂತ ಈ ಮನೆಯಲ್ಲಿ ಉಳಿದಿದ್ದದ್ದು ಆ ತಪ್ಪೊಂದೇ. ಅದನ್ನೇ ತಿದ್ದಿದ್ದ.

“ಈಗ ಸರಿಯಾಗಿದೆಯಲ್ಲೇ,” ಅಂದ, ಅರೆಮನಸ್ಸಿನಿಂದ.

“ಸರಿಯಾಗಿರೋನು ಬೇಕಿದ್ರೆ ನಾನು ಡುಯಿಲಿಯೋನ ಯಾಕೆ ಮದುವೆ ಆಗ್ತಿದ್ದೆ?”

ನಜ್ಜರೇನೋ ಅರ ತೆಗೆದ. ಸ್ವರ ಇಳಿಯಬೇಕಾದರೆ ನಾಲಿಗೆಯ ಬುಡ ಕೆರೆಯಬೇಕು. ಒಂದು ಕೂದಲೆಳೆ ಹೆಚ್ಚಾದರೆ ಅದು ಮುರಿಯುತ್ತದೆ, ಡುಯಿಲಿಯೋ ಎರಡನೇ ಸಲ ಸಾಯುತ್ತಾನೆ. ಜೀವಮಾನದಲ್ಲಿ ಒಂದು ಸ್ವರವನ್ನೂ ಕೆಡಿಸದಿದ್ದವನು ಈಗ ಬೇಕೆಂದೇ ಕೆಡಿಸಬೇಕಿತ್ತು. ಅವನು ಕೆರೆದು ಕೂರಿಸಿದ, ಅವಳು ಕಣ್ಣು ಮುಚ್ಚಿ ಎಳೆದಳು.

“ಇನ್ನೂ ಪಾದ್ರೀನೇ.”

ಮತ್ತೆ ಕೆರೆದ.

“ಪೂಜೆ ಮುಗಿಸಿ ಹೊರಗೆ ಬಂದಿದಾನೆ. ಇನ್ನೊಂಚೂರು.”

“ಇನ್ನೊಂಚೂರು ಅಂದ್ರೆ ಮುರಿಯುತ್ತೆ ಡೆರ್ನಾ.”

“ಕೆರಿ.”

ಉಸಿರು ಬಿಗಿಹಿಡಿದು ಕೆರೆದ. ಅವಳು ಎಳೆದಳು. ಕೆಳಗೆ ಜಾರಿದ, ಸ್ವಲ್ಪ ಒದ್ದೆಯಾದ, ನಾಚಿಕೆಯಿಲ್ಲದ ಸ್ವರವೊಂದು ಅಡುಗೆಮನೆಯೊಳಗೆ ನಡೆದು ಬಂತು. ತಿದಿ ತೆರೆದುಕೊಳ್ಳುತ್ತ ಹೋದಂತೆ ಬೆಳಕು ಗೋಡೆ ಹತ್ತಿ, ಖಾಲಿ ಕುರ್ಚಿಯ ಬೆನ್ನ ಮೇಲೆ ಕೋಟಿನಂತೆ ಕೂತಿತು. ಡೆರ್ನಾ ಕಣ್ಣು ತೆರೆದಳು. ದೀಪದ ಕಡೆ ನೋಡಿ,

“ಬರೋಕೆ ಇಷ್ಟು ಹೊತ್ತಾ?” ಅಂದಳು.

ನಜ್ಜರೇನೋ ಅರವನ್ನು ಜೇಬಿಗೆ ಹಾಕಿಕೊಂಡು, ಸದ್ದಾಗದಂತೆ ಬಾಗಿಲ ಕಡೆ ಹೊರಟ.

“ಎಲ್ಲಿಗೆ ಹೊರಟೆ ಮಾರಾಯ?” ಅಂತ ಒಳಗಿನಿಂದ ಡೆರ್ನಾಳ ದನಿ ಬಂತು. “ಕೈ ತೊಳ್ಕೊಂಡು ಬಾ. ಸೂಪು ಆರ್ತಿದೆ.”