ಒಳಗ ಕೇಳಿ ಹೇಳ್ತೇನಿ

“ಒಳಗ ಕೇಳಿ ಹೇಳ್ತೇನ್ರಿ” ಅಂತ ನಮ್ಮ ಯಜಮಾನರು ಎದ್ದರು. ಹೋಗಲಿಕ್ಕೆ ಒಳಗು ಅನ್ನೋದೇ ಇರಲಿಲ್ಲ.

ಮೊನ್ನೆ ತೇರಗಾಂವದ ನಮ್ಮ ಮನೆಯಲ್ಲಿ ನಡೆದದ್ದು. ಮೊಮ್ಮಗಳು ಸುಮಾಳನ್ನು ನೋಡಲು ಮುಂಡಗೋಡ ಕಡೆಯವರು ಬಂದಿದ್ದರು. ಅದಕ್ಕೂ ಮೊದಲು ಗೋಡೆಯ ಕಥೆ ಹೇಳಬೇಕು.

ನಮ್ಮದು ಹಳೆಯ ಮಣ್ಣಿನ ಮನೆ. ಪಡಸಾಲೆಗೂ ಅಡುಗೆಮನೆಗೂ ನಡುವೆ ದಪ್ಪನೆಯ ಗೋಡೆ. ಒಳಗೆ ಮಟಮಟ ಮಧ್ಯಾಹ್ನವೂ ಲೈಟು ಹಚ್ಚಬೇಕು. ಕರೆಂಟು ಹೋದರೆ ಅಕ್ಕಿಯೊಳಗಿನ ಹುಳವೂ ಅಕ್ಕಿಯೇ. (ತಿಂದವರು ಯಾರೂ ಸತ್ತಿಲ್ಲ, ಬಿಡಿ.) ಈ ಸಲ ಸುಗ್ಗಿ ಮುಗಿದದ್ದೇ ಮಗನಿಗೆ ಹೇಳಿದೆ: “ಗೌಂಡಿನ್ನ ಕರಿ. ಈ ಗೋಡಿ ಕೆಡವಸು. ಮ್ಯಾಲ ಗಾಜಿನ ಹಂಚು ಹಾಕಸು.”

“ಗೋಡ್ಯಾಗ ದೇವರ ಮಾಡ ಐತಲ್ಲ?” ಅಂದರು ಯಜಮಾನರು.

“ದೇವರನ್ನ ಈ ಕಡೆ ಕುಂದ್ರಸೂಣು. ಅವಗೂ ಬೆಳಕ ಬ್ಯಾಡೇನು?”

ಗೋಡೆ ಹೋಯಿತು. ಈಗ ಮುಂಬಾಗಿಲಿನಿಂದ ಬಂದ ಬಿಸಿಲು ನೇರ ಒಲೆಯ ತನಕ ಬರುತ್ತದೆ. ರೊಟ್ಟಿ ಬಡಿಯುತ್ತಲೇ ಓಣಿಯಲ್ಲಿ ಹೋಗುವವರನ್ನು ಮಾತಾಡಿಸುತ್ತೇನೆ. ಇನ್ನೇನು ಬೇಕು?

ಆದರೆ ಆ ಗೋಡೆಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ವಿಚಾರ ಮಾಡಿರಲಿಲ್ಲ. ಎತ್ತು ಕೊಳ್ಳೋದಿರಲಿ, ಹೆಣ್ಣು ಕೊಡೋದಿರಲಿ, ಪಡಸಾಲೆಯ ಗಂಡಸರು “ಒಳಗ ಕೇಳಿ ಹೇಳ್ತೇನಿ” ಅಂತ ಎದ್ದು ಬರೋರು. ನಾವು ಪಿಸುಮಾತಿನಲ್ಲಿ ಹ್ಞೂಂ ಅನ್ನಬೇಕು, ಇಲ್ಲಾ ಒಲ್ಲೆ ಅನ್ನಬೇಕು. ಹ್ಞೂಂ ಆದರೆ ಅದು ಅವರ ದೊಡ್ಡತನ. ಒಲ್ಲೆ ಆದರೆ, “ನಂದೇನಿಲ್ರಿ, ಒಳಗಿನವರು ಒಪ್ಪವಲ್ರು.” ಊರ ಮಂದಿಯ ಸಿಟ್ಟೆಲ್ಲ ಯಾರ ತಲೆಗೆ?

ಈಗ ಮೊನ್ನೆಯ ಮಾತಿಗೆ ಬರ್ತೇನೆ. ಸುಮಾ ಬಂಗೂರನಗರದ ಕಾಲೇಜಿನಲ್ಲಿ ಬಿ.ಕಾಂ. ಫೈನಲ್ ಇಯರ್. ಹುಡುಗನ ಫೋಟೋ ಅವಳಿಗೆ ಹಿಡಿಸಿತ್ತು. ಆದರೂ ಬೆಳಿಗ್ಗೆಯೇ ಹೇಳಿದ್ದಳು: “ಆಯಿ, ಪರೀಕ್ಷಾ ಮುಗಿಯೂಮಟ ಲಗ್ನಾ ಬ್ಯಾಡ.”

ಹುಡುಗನ ಅಪ್ಪ ಉಪ್ಪಿಟ್ಟು ಮುಗಿಸಿ ಬಾಯಿ ಒರೆಸಿಕೊಂಡರು. “ಹುಡುಗಿ ಮನಸಿಗೆ ಬಂದಾಳ್ರಿ. ಬರೂ ತಿಂಗಳನ ಲಗ್ನ ಮಾಡಿಬಿಡೂಣು. ಇನ್ನ ಕಾಲೇಜು ತಗೊಂಡು ಏನ್ ಮಾಡ್ತಾಳ?”

ಆಗಲೇ ಯಜಮಾನರು ರೂಢಿಯಂತೆ ಎದ್ದದ್ದು. ನಡೆದು ಬಂದರು. ಚೌಕಟ್ಟು ಹಿಡಿಯಲು ಕೈ ಚಾಚಿದರು. ಚೌಕಟ್ಟೆಲ್ಲಿದೆ? ಎಲ್ಲರೂ ನೋಡುತ್ತಿದ್ದಾರೆ. ನಾನು ಎದುರಿಗೇ ಚಹಾ ಸೋಸುತ್ತಿದ್ದೇನೆ.

“ಏನಂತಿ?” ಅಂತ ಪಿಸುಗುಟ್ಟಿದರು. ಇಡೀ ಮನೆಗೆ ಕೇಳಿಸಿತು.

“ನನ್ನ ಯಾಕ ಕೇಳ್ತೀರಿ? ಸುಮಾ ಅಲ್ಲೇ ಕುಂತಾಳ, ಆಕಿನ್ನ ಕೇಳ್ರಿ” ಅಂದೆ.

ಸುಮಾ ತಲೆ ಎತ್ತಲಿಲ್ಲ. ಮಾತು ಮಾತ್ರ ಗಟ್ಟಿ. “ಪರೀಕ್ಷಾ ಬರದ ಮ್ಯಾಲ ಆದ್ರ ಹ್ಞೂಂ. ಅದಕ್ಕೂ ಮೊದ್ಲ ಆದ್ರ ಒಲ್ಲೆ.”

ಸಂಬಂಧ ಮುರಿಯಿತು ಅಂತ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗನ ಅಪ್ಪ ಕೆಮ್ಮಿದರು. “ಆತ್ರಿ. ಮನಿಗೆ ಹೋಗಿ, ನಮ್ಮ ಒಳಗಿನವರನ್ನ ಕೇಳಿ ತಿಳಸ್ತೇವಿ.”

ಅವರ ಹೆಂಡತಿ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು. ಬಸಿ ಕೆಳಗಿಟ್ಟರು. “ಒಳಗಿನಾಕಿ ಇಲ್ಲೇ ಕುಂತೇನಲ್ಲ. ಪರೀಕ್ಷಾ ಆಗಲಿ.”

ಮುಗಿಯಿತು. ಸಕ್ಕರೆ ಹಂಚಿದೆವು. ಹೊರಡುವಾಗ ಆ ತಾಯಿ ಗೋಡೆಯಿದ್ದ ಜಾಗವನ್ನು ಕಾಲಿನಿಂದ ಸವರಿ ನೋಡಿದರು. ನನ್ನನ್ನು ಬದಿಗೆ ಕರೆದು, “ಗೌಂಡಿ ಯಾವ ಊರಾಂವ್ರೀ?” ಅಂದರು.

ನಮ್ಮ ಯಜಮಾನರ ಮುಖ ಮಾತ್ರ ಇನ್ನೂ ಸಪ್ಪಗಿದೆ. “ಹಳಿಯಾಳಕ್ಕ ಹೋಗಿ ಇಲ್ಲಿ ಅಡ್ಡ ಕಟ್ಟಾಕ ಒಂದು ಪಡದಾದ ಅರಿವಿ ತರ್ಲೇನು? ಮಾತಾಡಾಕ ಒಂದ್ ಮರೆ ಬೇಕಾಗ್ತೈತಿ” ಅಂದರು.

“ತರ್ರಿ” ಅಂದೆ. “ಇನ್ನ ಮ್ಯಾಲ ಪಡದಾದ ಒಳಗ ನೀವ್ ಕುಂದರ್ರಿ. ನಾನು ಹೊರಗ ಕುಂತು, ನಿಮ್ಮನ್ನ ಕೇಳಿ ಹೇಳ್ತೇನಿ.”

ಅವರು ಹಳಿಯಾಳಕ್ಕೆ ಇನ್ನೂ ಹೋಗಿಲ್ಲ.