ಎರಡು ಟ್ರಾಲಿ, ಒಂದು ಕೊಡ ನೀರು

ಘೋಡಗೇರಿಯ ಉದ್ದಪ್ಪ ಹನ್ನೆರಡು ಹಂಗಾಮು ಅಣ್ಣಾಸಾಹೇಬರ ಟ್ರ್ಯಾಕ್ಟರ್ ಹೊಡೆದವನು. ಹಿಂದೆ ಎರಡು ಟ್ರಾಲಿ ಕಟ್ಟಿಕೊಂಡು, ಮಾಳಿಗೆಯಷ್ಟೆತ್ತರ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದ. ಮೈಮೇಲೆ ಒಂದು ತರಚಿದ ಗಾಯ ಕೂಡ ಇರಲಿಲ್ಲ. ಅಂಥವನು ದಸರೆ ಮುಗಿದ ಮೂರನೆಯ ದಿನ ನುಗ್ಗೆಕಾಯಿ ಹರಿಯಲು ಗಿಡ ಹತ್ತಿ, ಟೊಂಗೆ ಮುರಿದು ಬಿದ್ದು, ಬಲಗಾಲು ಮುರಿದುಕೊಂಡ. ನುಗ್ಗೆಯ ಟೊಂಗೆ ನಂಬಬಾರದೆಂದು ಕೂಸಿಗೂ ಗೊತ್ತು. ಗೋಕಾಕದ ಡಾಕ್ಟರು ತೊಡೆಯ ತನಕ ಪ್ಲಾಸ್ಟರ್ ಸುತ್ತಿ ಕಳಿಸಿದರು. ತಾಯಿ ಸುಂದ್ರವ್ವ ಮೊದಲು ಅತ್ತಳು, ಆಮೇಲೆ ಬೈದಳು, ಅದಾದ ಮೇಲೆ ಅದೇ ನುಗ್ಗೆಕಾಯಿಯ ಸಾರು ಮಾಡಿ ಮಗನಿಗೆ ಉಣ್ಣಿಸಿದಳು.

ಉದ್ದಪ್ಪನ ಹೆಂಡತಿ ಗುಡ್ಡವ್ವ ಅಳಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತ್ತು. ಆ ಹನ್ನೆರಡು ಹಂಗಾಮಿನಲ್ಲೂ ಅವಳು ಕಬ್ಬು ಕಡಿದವಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೆ ಸಿಂಬಿ ಇಟ್ಟು, ಹೊರೆ ಹೊತ್ತು, ಅಡ್ಡ ಹಾಕಿದ ಹಲಗೆಯ ಮೇಲೆ ಹತ್ತಿ ಹತ್ತಿ ಟ್ರಾಲಿ ತುಂಬಿದವಳು. ತುಂಬಿದ ಟ್ರಾಲಿ ಟೇಪಿನ ಹಾಡು ಹಚ್ಚಿಕೊಂಡು ಹೊರಟಾಗ ಪ್ರತಿ ಸಲವೂ ಅವಳು ಧೂಳಿನಲ್ಲಿ ನಿಂತು, ಸೀಟಿನ ಮೇಲೆ ಕುಳಿತವನ ಬೆನ್ನು ನೋಡುತ್ತಿದ್ದಳು. ಗಂಡನ ಬೆನ್ನೇ ಹೌದು. ಆದರೂ ಆ ಸೀಟಿನ ಮೇಲೆ ತಾನೊಮ್ಮೆ ಕೂಡಬೇಕು, ಹಾಡು ಹಚ್ಚಬೇಕು, ಧೂಳು ಹಿಂದೆ ಉಳಿಯಬೇಕು ಎಂದು ಅವಳಿಗೆ ಅನಿಸುತ್ತಿತ್ತು. ನೇಗಿಲು ಹೊಡೆಯುವಾಗ ಉದ್ದಪ್ಪ ಬೀಡಿ ಸೇದಲು ಇಳಿದಾಗಲೆಲ್ಲ ಅವಳು ಹತ್ತಿ ನಾಲ್ಕು ಸಾಲು ಹೊಡೆದಿದ್ದಳು. ಎರಡು ವರ್ಷದ ಹಿಂದೆ ಗೋಕಾಕಕ್ಕೆ ಹೋಗಿ ಲೈಸೆನ್ಸು ಕೂಡ ಮಾಡಿಸಿಕೊಂಡು ಬಂದಿದ್ದಳು. ಅದರ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಸುಂದ್ರವ್ವ ಅದನ್ನು ಓಣಿಗೆಲ್ಲ ತೋರಿಸಿ, ನಮ್ಮ ಸೊಸೆ ನಿದ್ದೆಗಣ್ಣಿನಲ್ಲೂ ಗಾಡಿ ಹೊಡೆಯುತ್ತಾಳಂತೆ, ಸರಕಾರವೇ ಬರೆದುಕೊಟ್ಟಿದೆ ಎಂದು ನಕ್ಕಿದ್ದಳು.

ಗುಡ್ಡವ್ವ ನೆಟ್ಟಗೆ ಅಣ್ಣಾಸಾಹೇಬರ ಅಂಗಳಕ್ಕೆ ಹೋಗಿ, ಈ ಹಂಗಾಮು ಟ್ರ್ಯಾಕ್ಟರ್ ತಾನೇ ಹೊಡೆಯುತ್ತೇನೆ ಎಂದಳು. ಅವರು ಬಶಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದರು. ಅರ್ಧ ಚಹಾ ಧೋತರದ ಮೇಲೆ ಚೆಲ್ಲಿತು. ಕೌಜಲಗಿಯ ಮಾಲಿಂಗನಿಗೆ ಅವರು ಆಗಲೇ ಹೇಳಿ ಕಳಿಸಿದ್ದರು. ಮಾಲಿಂಗನೆಂದರೆ ಸುತ್ತಿನ ಊರಲ್ಲಿ ಹೆಸರಾದ ಡ್ರೈವರು. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು, ಎರಡೂ ಬದಿಗೆ ನೆಟ್ಟ ಗಳ ಕೆಡವದೆ, ಹಿಂದಕ್ಕೆ ಹೊಡೆಯುವ ಪಂದ್ಯದಲ್ಲಿ ಮೂಡಲಗಿಯಲ್ಲೂ ಧುಪದಾಳದಲ್ಲೂ ಗೆದ್ದು ಬಂದವನು. ದೀಪಾವಳಿ ಪಾಡ್ಯದ ಮಾರನೆಯ ದಿನ ಅಂಥದೇ ಪಂದ್ಯ ಅಣ್ಣಾಸಾಹೇಬರ ಗೋವಿನಜೋಳ ಕೊಯ್ದ ಹೊಲದಲ್ಲಿ ನಡೆಯುವುದಿತ್ತು, ಅವರದೇ ಟ್ರ್ಯಾಕ್ಟರಿನ ಮೇಲೆ.

"ನೋಡವಾ, ಮುಂದಕ್ಕ ಯಾರರೆ ಹೊಡೀತಾರ," ಎಂದರು ಅಣ್ಣಾಸಾಹೇಬರು. "ಫ್ಯಾಕ್ಟರ್ಯಾಗ ಸಂದಿಯೊಳಗ ಎರಡೂ ಟ್ರಾಲಿ ಹಿಂದ ಹಾಕೂದೈತಿ. ಪಂದ್ಯದಾಗ ಒಂದೂ ಗಳ ಬೀಳದಂಗ ಹಾಕಿ ತೋರಸು. ಸೀಟು ನಿಂದು. ಒಂದು ಬಿತ್ತೂ, ಮಾಲಿಂಗಂದು."

ಗುಡ್ಡವ್ವ ಹೂಂ ಎಂದು ಮನೆಗೆ ಬಂದಳು. ಬಂದ ಮೇಲೆ ನೆನಪಾಯಿತು, ತಾನು ಒಂದು ಟ್ರಾಲಿಯನ್ನೂ ಹಿಂದಕ್ಕೆ ಹೊಡೆದವಳಲ್ಲ.

ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದ ಉದ್ದಪ್ಪನಿಗೆ ಕೈಯಲ್ಲಿ ಕೆಲಸವಿಲ್ಲದೆ ಬೇಸರ ಬಂದಿತ್ತು. ಮೂರು ಕಡ್ಡಿಪೆಟ್ಟಿಗೆ ತರಿಸಿ, ಸೂಜಿಯಿಂದ ಒಂದಕ್ಕೊಂದು ಚುಚ್ಚಿ, ಎದೆಯ ಮೇಲಿಟ್ಟುಕೊಂಡು ಪಾಠ ಹೇಳಿದ. ಗುಡ್ಡವ್ವನಿಗೆ ಎಡಬಲ ಕಲಸಿಹೋಗಿ ತಲೆ ಗಿರ್ರೆಂದಿತು. ಕೊನೆಗೆ ಅವನು ದನಿ ತಗ್ಗಿಸಿ ಹೇಳಿದ:

"ಮೊದಲನೇ ಟ್ರಾಲಿ ಅಂದ್ರ ನಮ್ಮವ್ವ ಅಂತ ತಿಳಿ. ನೀ ಎಡಕ್ಕ ಅಂದ್ರ ಆಕಿ ಬಲಕ್ಕ. ಎರಡನೇದು ನಮ್ಮ ಅಕ್ಕ. ಆಕಿ ನಮ್ಮವ್ವಗ ಉಲ್ಟಾ. ಈಗ ಅಕ್ಕನ್ನ ಎಡಕ್ಕ ಕಳಸಬೇಕಂದ್ರ ಅವ್ವಗ ಏನ ಹೇಳ್ತಿ?"

ಗುಡ್ಡವ್ವನಿಗೆ ತಟ್ಟನೆ ತಿಳಿಯಿತು. ಹದಿನಾರು ವರ್ಷದಿಂದ ಆ ಮನೆಯಲ್ಲಿ ಅವಳು ಮಾಡುತ್ತ ಬಂದಿದ್ದೇ ಅದು. ಒಳಗಿನಿಂದ ಸುಂದ್ರವ್ವ, ಯಾರ ಹೆಸರೋ ತೆಗೆಯುತ್ತಿದ್ದೀರಲ್ಲ ಎಂದು ಕೇಳಿದಳು. ಟ್ರಾಲಿಯ ಮಾತು ಎಂದು ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಹೇಳಿದರು.

ತಿಳಿಯಿತು ಖರೆ, ಕೈಗೆ ಬರಬೇಕಲ್ಲ. ಅಣ್ಣಾಸಾಹೇಬರು ಟ್ರ್ಯಾಕ್ಟರನ್ನು ಪಂದ್ಯದ ದಿನದ ತನಕ ಮುಟ್ಟಗೊಡುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಉದ್ದಪ್ಪನ ಒಂದು ಹಳೆಯ ಸೈಕಲ್ಲು, ಮತ್ತೆ ಕೊಡ ಇಟ್ಟುಕೊಂಡು ನೀರು ತರುವ ಎರಡು ಚಕ್ರದ ತಳ್ಳುಗಾಡಿ. ಬಾಜೂ ಮನೆಯಲ್ಲಿ ಅಂಥದೇ ಇನ್ನೊಂದಿತ್ತು, ಅವರಿಗೂ ನೀರು ತಂದುಕೊಡುವ ಮಾತಿನ ಮೇಲೆ ಅದನ್ನೂ ಇಸಿದುಕೊಂಡಳು. ಸೈಕಲ್ಲಿನ ಹಿಂದೆ ಒಂದು ಗಾಡಿ, ಆ ಗಾಡಿಯ ಹಿಂದೆ ಇನ್ನೊಂದು, ಎತ್ತಿನ ಹಗ್ಗದಿಂದ ಗಟ್ಟಿಯಾಗಿ ಬಿಗಿದಳು. ಹ್ಯಾಂಡಲ್ ಹಿಡಿದು ಸೈಕಲ್ಲನ್ನು ಹಿಂದಕ್ಕೆ ನೂಕಿದಳು. ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಗಾಡಿಗಳು ನಿಂತಲ್ಲೇ ನಿಂತವು. ಸೈಕಲ್ಲು ಹೋಗಿ ಅವುಗಳಿಗೆ ಗುದ್ದಿತು. ಕಟ್ಟೆಯ ಮೇಲೆ ಕುಳಿತ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟಿದಾರಭ್ಯ ಎಳೆಯುವುದನ್ನೇ ಕಂಡವಳಿಗೆ, ಹಗ್ಗದಿಂದ ಎಳೆಯಬಹುದು, ನೂಕಲು ಬರುವುದಿಲ್ಲ ಎಂಬುದು ಹೊಳೆದೇ ಇರಲಿಲ್ಲ. ನಕ್ಕವರ ಜೊತೆ ತಾನೂ ನಕ್ಕು, ಕೆಟ್ಟುಬಿದ್ದಿದ್ದ ಬೋರಿಂಗಿನ ಕಬ್ಬಿಣದ ಸರಳು ಹುಡುಕಿ ತಂದು, ಹಗ್ಗದ ಜಾಗದಲ್ಲಿ ಅದನ್ನು ಕೂಡಿಸಿದಳು.

ಅಂದಿನಿಂದ ನೀರಿನ ಟಾಕಿಯಿಂದ ಮನೆಯ ತನಕ ಗುಡ್ಡವ್ವ ಹಿಂದುಹಿಂದಕ್ಕೇ ಬರತೊಡಗಿದಳು. ಎರಡು ಗಾಡಿ, ಎಂಟು ಕೊಡ, ಕುತ್ತಿಗೆ ಹೊರಳಿಸಿಕೊಂಡು ಅವಳು. ಮೊದಲ ದಿನ ಮೂರು ಸಲ ಗಟಾರಕ್ಕೆ ಇಳಿದಳು, ಒಂದು ಸಲ ಯಾರದೋ ಎಮ್ಮೆಯ ಹೊಟ್ಟೆಗೆ ಹೋಗಿ ನಿಂತಳು. ಎಮ್ಮೆ ಮೂಸಿ ನೋಡಿ, ಒಂದು ಕೊಡದ ನೀರು ಕುಡಿದು, ದಾರಿ ಬಿಟ್ಟಿತು. ಆದರೆ ಕೊಡಗಳೇ ಅವಳಿಗೆ ಮಾಸ್ತರರಾದವು. ಹ್ಯಾಂಡಲ್ಲು ಹೆಚ್ಚು ತಿರುಗಿದರೆ ನೀರು ಎಡಕ್ಕೆ ತುಳುಕುತ್ತಿತ್ತು, ತಡಮಾಡಿ ತಿರುಗಿದರೆ ಬಲಕ್ಕೆ. ಅವಸರ ಮಾಡಿದರೆ ಸೀರೆಯೇ ತೊಯ್ಯುತ್ತಿತ್ತು. ಸುಂದ್ರವ್ವ ದಿನಾಲೂ ಬಾಗಿಲಲ್ಲಿ ನಿಂತು ಕೊಡಗಳೊಳಗೆ ಇಣುಕುವಳು.

"ಇಷ್ಟು ನೀರಾಗ ಗುಬ್ಬಿನೂ ಜಳಕಾ ಮಾಡಂಗಿಲ್ಲ," ಎನ್ನುವಳು.

ವಾರ ಕಳೆಯುವಷ್ಟರಲ್ಲಿ ಕೊಡಗಳು ಅರ್ಧ ಉಳಿದವು. ಹತ್ತು ದಿನಕ್ಕೆ ಕಂಠದ ತನಕ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಎಂಟು ಕೊಡವೂ ತುಂಬಿದ ಹಾಗೇ, ಒಂದು ಹನಿ ಹೊರಗೆ ಬೀಳದೆ, ಹಿಮ್ಮುಖವಾಗಿ ಮನೆ ಸೇರಿದವು. ಸುಂದ್ರವ್ವ ಎಂಟೂ ಕೊಡಗಳೊಳಗೆ ಇಣುಕಿ, ಮೊದಲನೆಯದನ್ನು ತಾನೇ ಹೊತ್ತು ಒಳಗಿಟ್ಟಳು.

ಪಂದ್ಯದ ದಿನ ಹೊಲದ ತುಂಬ ಜನ. ಎರಡೂ ಬದಿಗೆ ಸಾಲಾಗಿ ಕಬ್ಬಿನ ಗಳ ನೆಟ್ಟು, ತುದಿಗೆ ಚೆಂಡುಹೂ ಕಟ್ಟಿದ್ದರು. ಅವುಗಳ ನಡುವೆ ನೂರು ಹೆಜ್ಜೆ ಉದ್ದದ ಓಣಿಯಂಥ ದಾರಿ. ಟ್ರಾಲಿ ಹೋದರೆ ಅತ್ತ ಒಂದು ಗೇಣು, ಇತ್ತ ಒಂದು ಗೇಣು ಜಾಗ. ಮೈಕು ಹಿಡಿದವನು ಶಿದ್ಲಿಂಗಪ್ಪ. ಸೀಟಿಯೂ ಅವನದೇ, ತೀರ್ಪೂ ಅವನದೇ. ಆರು ಮಂದಿ ಹೊಡೆದರು. ಒಬ್ಬನು ಹನ್ನೊಂದು ಗಳ ಕೆಡವಿದ. ಮೂಡಲಗಿಯವನೊಬ್ಬನ ಟ್ರಾಲಿಗಳು ಒಂದಕ್ಕೊಂದು ಮಡಚಿಕೊಂಡು, ಜಗಳಾಡಿದ ಹೋರಿಗಳ ಹಾಗೆ ಮುಖ ತಿರುವಿ ನಿಂತವು. ಮಾಲಿಂಗ ಬಾಯಲ್ಲಿ ಅಡಿಕೆ ಆಡಿಸುತ್ತ, ಒಂದೇ ಕೈಯಲ್ಲಿ ಹೊಡೆದು, ಕೊನೆಯಲ್ಲಿ ಒಂದೇ ಒಂದು ಗಳ ಕೆಡವಿದ. ಜನ ಶಿಳ್ಳೆ ಹೊಡೆದರು. ಅವನು ಟ್ರ್ಯಾಕ್ಟರನ್ನು ತಿರುವಿ ತಂದು ಮೊದಲಿನ ಗೆರೆಗೆ ನಿಲ್ಲಿಸಿ, ಅಣ್ಣಾಸಾಹೇಬರ ಹತ್ತಿರ ಹೋಗಿ ಕುಳಿತ, ಅಳಿಯನ ಹಾಗೆ.

ಶಿದ್ಲಿಂಗಪ್ಪ ಚೀಟಿ ನೋಡಿ ಉದ್ದಪ್ಪನ ಮನೆಯವರು ಬರಬೇಕು ಎಂದ. ಬಂದವಳು ಗುಡ್ಡವ್ವ. ಅಂಗಿಯ ತೋಳು ಮಡಚಿದ್ದಳು, ಸೊಂಟದ ಮೇಲೆ ತುಂಬಿದ ಒಂದು ಕೊಡ. ಶಿದ್ಲಿಂಗಪ್ಪ ಕನ್ನಡಕ ಏರಿಸಿ ನಿಯಮದ ಕಾಗದ ಮೇಲಿನಿಂದ ಕೆಳಗೆ ಓದಿದ. ಕುಡಿದವರು ಹತ್ತಬಾರದು ಎಂದಿತ್ತು, ಹದಿನೆಂಟು ತುಂಬದವರು ಹತ್ತಬಾರದು ಎಂದಿತ್ತು. ಕಾಗದ ತಿರುಗಿಸಿ ಹಿಂದೆಯೂ ನೋಡಿದ. ಹಿಂದೆ ಪಟಾಕಿ ಅಂಗಡಿಯ ಜಾಹೀರಾತು ಇತ್ತು. ಹತ್ತು ಎಂದು ಕೈ ಮಾಡಿದ. ಗುಡ್ಡವ್ವ ಹತ್ತಿ, ಕೊಡವನ್ನು ಕಾಲಿನ ಬಳಿ ಇಟ್ಟುಕೊಂಡಳು. ಬಾಯಾರಿಕೆಗೆ ತಂದಿದ್ದಾಳೆ ಎಂದು ಜನ ತಿಳಿದರು.

ಅಷ್ಟರಲ್ಲಿ ಸುಂದ್ರವ್ವ ಸೆರಗಿನಲ್ಲಿ ಲಿಂಬೆಹಣ್ಣು ಕಟ್ಟಿಕೊಂಡು ಓಡಿಬಂದಳು. ಹೊಸದಾಗಿ ಗಾಡಿ ಹತ್ತಿದವರು ಲಿಂಬೆಹಣ್ಣು ತುಳಿಸದೆ ಹೊರಡಬಾರದು. ನಾಲ್ಕೂ ಗಾಲಿಯ ಮುಂದೆ ಒಂದೊಂದು ಇಟ್ಟು, ಕುಂಕುಮ ಹಚ್ಚಿ, ಕೈಮುಗಿದಳು. ಜನ ಗೊಳ್ಳೆಂದಿತು. ಗಾಡಿ ಹಿಂದಕ್ಕೆ ಹೋಗುವುದು, ಮುದುಕಿ ಮುಂದೆ ಇಟ್ಟಿದ್ದಾಳೆ ಎಂದು ಒಬ್ಬ ಕೂಗಿದ. ಶಿದ್ಲಿಂಗಪ್ಪ ಮೈಕಿನಲ್ಲೇ, ಅವ್ವಾ, ತೆಗೆದು ಹಿಂದೆ ಇಡು ಎಂದ.

"ಇಟ್ಟ ಲಿಂಬಿಹಣ್ಣ ತಗಿಯೋ ಪದ್ಧತಿ ನಮ್ಮನ್ಯಾಗ ಇಲ್ಲೋ ತಮ್ಮಾ," ಎಂದಳು ಸುಂದ್ರವ್ವ. "ಆಕಿ ಮುಂದ ಹೋಗಿ ತುಳೀಲಿ. ಆಮ್ಯಾಲ ಎತ್ತ ಬೇಕಾದತ್ತ ಹೋಗಲಿ."

ಹೇಳಿ, ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಒರಗಿ ನೆಲದ ಮೇಲೆ ಕುಳಿತೇಬಿಟ್ಟಳು. ಹಾಳು ಮುದುಕಿಯನ್ನು ಎತ್ತುವವರು ಯಾರು? ಶಿದ್ಲಿಂಗಪ್ಪ ಮತ್ತೆ ಕಾಗದ ನೋಡಿದ. ಸೀಟಿ ಊದಿದ ಮೇಲೆ ಮುಂದೆ ಹೋದರೆ ತಪ್ಪು. ಊದುವ ಮುಂಚಿನದಕ್ಕೆ ನಿಯಮವಿಲ್ಲ. ಆಗಲಿ ಎಂದ. ಸುಂದ್ರವ್ವ ಎದ್ದು ಸೀರೆ ಝಾಡಿಸಿಕೊಂಡು ದೂರ ನಿಂತಳು.

ಗುಡ್ಡವ್ವ ಗೇರು ಹಾಕಿ ಮೆಲ್ಲಗೆ ಮುಂದೆ ಬಿಟ್ಟಳು. ಪಚಕ್ ಎಂದು ನಾಲ್ಕೂ ಹಣ್ಣು ಒಡೆದವು. ಹಿಂದೆ ಕೊಂಡಿಗಳು ಕಟಕಟ ಎಂದವು. ಅವಳು ಹೊರಳಿ ನೋಡಿದಳು. ಮಾಲಿಂಗ ಅವಸರದಲ್ಲಿ ನಿಲ್ಲಿಸಿ ಹೋದಾಗ ಟ್ರಾಲಿಗಳು ಸ್ವಲ್ಪ ಸೊಟ್ಟಗೆ ನಿಂತಿದ್ದವು. ನಾಲ್ಕು ಮಾರು ಮುಂದೆ ಎಳೆದದ್ದೇ, ಎರಡೂ ದಾರದಲ್ಲಿ ಪೋಣಿಸಿದ ಹಾಗೆ ನೆಟ್ಟಗಾಗಿದ್ದವು. ಸೊಟ್ಟಗಿದ್ದಾಗಲೇ ಹಿಂದೆ ಬಿಟ್ಟಿದ್ದರೆ ಮೊದಲ ಗಳವೇ ಬೀಳುತ್ತಿತ್ತು. ಅತ್ತೆಯ ಕಡೆ ನೋಡಿದಳು. ಅತ್ತೆ ಗಳದ ತುದಿಯ ಚೆಂಡುಹೂ ಕಿತ್ತು ತಲೆಗೆ ಮುಡಿದುಕೊಳ್ಳುತ್ತಿದ್ದಳು.

ಶಿದ್ಲಿಂಗಪ್ಪ ಸೀಟಿ ಊದಿದ.

ಅತ್ತೆಗೆ ಬಲ, ನಾದಿನಿಗೆ ಎಡ. ಅತ್ತೆಗೆ ಎಡ, ನಾದಿನಿಗೆ ಬಲ. ಗುಡ್ಡವ್ವನ ಕೈ ತೊಟ್ಟಿಲು ತೂಗಿದ ಹಾಗೆ ಸ್ಟೇರಿಂಗನ್ನು ಅತ್ತಿತ್ತ ತೂಗುತ್ತಿತ್ತು. ಒಂದು ಕಣ್ಣು ಹಿಂದಿನ ಟ್ರಾಲಿಯ ಮೂಲೆಯ ಮೇಲೆ, ಇನ್ನೊಂದು ಕೊಡದ ಮೇಲೆ. ನೀರು ಅಂಚಿಗೆ ಬಂದರೆ ಕಾಲು ಹಗುರ ಮಾಡುವಳು, ತುಳುಕು ನಿಂತರೆ ಮತ್ತೆ ಒತ್ತುವಳು. ಐವತ್ತು ಹೆಜ್ಜೆಗೆ ನಗುತ್ತಿದ್ದವರು ಗಳದ ಸಾಲಿನ ಹತ್ತಿರಕ್ಕೆ ಸರಿದರು. ಎಂಬತ್ತಕ್ಕೆ ಮಾಲಿಂಗ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಕೊನೆಯ ಗಳದ ಹತ್ತಿರ ಟ್ರಾಲಿಯ ತಗಡು ಚೆಂಡುಹೂವಿಗೆ ತಾಗಿತು. ಗಳ ಒಮ್ಮೆ ಬಾಗಿತು, ವಿಚಾರ ಮಾಡಿತು, ಮತ್ತೆ ನೆಟ್ಟಗೆ ನಿಂತಿತು.

ಹೊಲವೆಲ್ಲ ಎದ್ದು ಕುಣಿಯಿತು. ಊರುಗೋಲು ಹಿಡಿದು ನಿಂತಿದ್ದ ಉದ್ದಪ್ಪ ಅದನ್ನೇ ಮೇಲಕ್ಕೆ ಎಸೆದು, ಹಿಡಿಯಲಾಗದೆ ಶಿದ್ಲಿಂಗಪ್ಪನ ಕೊರಳಿಗೆ ಬಿದ್ದ. ಮೈಕು ಕುಂಯ್ಯೆಂದು ಅರಚಿತು.

ಆದರೆ ಗುಡ್ಡವ್ವ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇಳಿ ಎನ್ನುತ್ತಾರೆ. ಇಳಿದ ಮೇಲೆ ಅಣ್ಣಾಸಾಹೇಬರ ಮನಸ್ಸು ಎತ್ತ ತಿರುಗುತ್ತದೋ ಯಾರಿಗೆ ಗೊತ್ತು. ಹೊಲದ ಆಚೆ ಚಕ್ಕಡಿ ದಾರಿ, ಅದರ ತುದಿಗೆ ಅವರದೇ ಅಂಗಳ. ಹಿಂದುಹಿಂದಕ್ಕೇ ಆ ದಾರಿ ಹಿಡಿದಳು. ಕೋಳಿ ಹಾರಿದವು, ನಾಯಿ ಬೊಗಳುವುದೋ ಬೇಡವೋ ತಿಳಿಯದೆ ಸುಮ್ಮನೆ ಓಡಿಬಂತು. ಜನ ಓಡಿದರು, ಅಣ್ಣಾಸಾಹೇಬರು ಧೋತರ ಎತ್ತಿಕೊಂಡು ಓಡಿದರು. ಆ ಅಂಗಳದ ಬಾಗಿಲು ಎಷ್ಟು ಸಣ್ಣದೆಂದರೆ ಉದ್ದಪ್ಪ ಕೂಡ ಟ್ರಾಲಿ ಬಿಚ್ಚಿ ಕೈಯಿಂದ ನೂಕಿ ಒಳಗೆ ಹಾಕುತ್ತಿದ್ದ. ಗುಡ್ಡವ್ವ ಬಿಚ್ಚಲಿಲ್ಲ. ಅತ್ತೆಗೆ ಬಲ, ನಾದಿನಿಗೆ ಎಡ. ಮೊದಲು ನಾದಿನಿ ಒಳಗೆ ಹೋದಳು, ಆಮೇಲೆ ಅತ್ತೆ, ಕೊನೆಗೆ ಟ್ರ್ಯಾಕ್ಟರು ಸೊಸೆಯ ಹಾಗೆ ಹೊಸ್ತಿಲು ದಾಟಿ ನಿಂತಿತು. ಕೊಡದ ನೀರು ಇದ್ದಲ್ಲೇ ಇತ್ತು.

ಅಣ್ಣಾಸಾಹೇಬರು ಏದುಸಿರು ಬಿಡುತ್ತ ಬಾಗಿಲ ಎರಡೂ ಕಂಬದ ಮೇಲೆ ಕೈಯಾಡಿಸಿ ನೋಡಿದರು. ಸುಣ್ಣ ಕೂಡ ಕೆದರಿರಲಿಲ್ಲ.

"ಫ್ಯಾಕ್ಟರಿ ಸೋಮವಾರ ಚಾಲೂ," ಎಂದರು. "ಕೀಲಿ ನಿನ್ನ ಹಂತ್ಯಾಕ ಇರಲಿ."

ಗುಡ್ಡವ್ವ ಕೀಲಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಆಗ ಸುಂದ್ರವ್ವ ಜನರ ನಡುವಿನಿಂದ ನುಗ್ಗಿ ಬಂದು ಕೊಡ ಎತ್ತಿಕೊಂಡಳು. ಮನೆಗೆ ಬಂದ ಎತ್ತಿನ ಮುಂಗಾಲಿಗೆ ನೀರು ಹಾಕುವ ಹಾಗೆ ಗಾಡಿಗೂ ಹಾಕಬೇಕಲ್ಲ. ಟ್ರ್ಯಾಕ್ಟರಿನ ಮುಂದೆ ಬಂದು ನಿಂತಳು. ಅನುಮಾನ ಬಂತು. ಮೊದಲು ಒಳಗೆ ಬಂದದ್ದು ಹಿಂದಿನ ಟ್ರಾಲಿಯಲ್ಲವೇ? ಸಂದಿಯಲ್ಲಿ ನುಸುಳಿ ಅಲ್ಲಿಗೆ ಹೋದಳು. ಅಲ್ಲಿ ಮುಖವೇ ಇಲ್ಲ. ಮತ್ತೆ ಇತ್ತ ಬಂದಳು.

"ಇದರ ಮಾರಿ ಯಾಕಡೆ ಐತಿ ಗುಡ್ಡವ್ವಾ?"

"ನಾ ಕುಂತ ಕಡೆ ಐತಿ, ಹಾಕ್ರಿ ಅತ್ತಿ," ಎಂದಳು ಗುಡ್ಡವ್ವ ಸೀಟಿನ ಮೇಲಿನಿಂದ, ಮತ್ತು ಹಾಡು ಹಚ್ಚಿದಳು.